ಪ್ರಶ್ನಾವಳಿ ಕೊನೆಗಿರಲಿ: ಹಳ್ಳಿ, ಓಣಿಗಳಲ್ಲಿ ಮಾಹಿತಿ ಸಂಗ್ರಹಿಸುವ ಬಗೆ

ಪ್ರಾಜೆಕ್ಟ್ ಅಂದ ಕೂಡಲೇ ನಮ್ಮ ಎಂ.ಎ., ಎಂ.ಎಸ್‌.ಡಬ್ಲ್ಯೂ. ಓದುವ ಹುಡುಗ ಹುಡುಗಿಯರು ಮಾಡುವ ಮೊದಲ ಕೆಲಸ ಪ್ರಶ್ನಾವಳಿ ಬರೆಯುವುದು. ಸೀನಿಯರ್ ಒಬ್ಬರ ಹಳೆಯ ಪ್ರಶ್ನಾವಳಿ ಸಿಕ್ಕರಂತೂ ಮುಗಿಯಿತು, ಊರಿನ ಹೆಸರು ಬದಲಿಸಿ, ನೂರು ಝೆರಾಕ್ಸ್ ತೆಗೆಸಿ, ಮರುದಿನ ಬೆಳಿಗ್ಗೆ ಬಸ್ ಹತ್ತುತ್ತಾರೆ. ಹೇಗೋ ನೂರೂ ತುಂಬುತ್ತವೆ. ಆಮೇಲೆ ಟೇಬಲ್ ಹಾಕಲು ಕೂತಾಗ ಗೊತ್ತಾಗುತ್ತದೆ, ತಮಗೆ ನಿಜವಾಗಿ ಬೇಕಿದ್ದ ಸಂಗತಿ ಅದರಲ್ಲಿ ಇಲ್ಲವೇ ಇಲ್ಲ ಅಂತ. ಅಷ್ಟು ಬಿಸಿಲಲ್ಲಿ ಓಡಾಡಿದ ಶ್ರಮ ಹೋಯಿತಲ್ಲ ಅಂತ ನನಗೆ ಬೇಜಾರಾಗುತ್ತದೆ. ಕೆಲಸ ಬಿಟ್ಟು ಉತ್ತರ ಕೊಟ್ಟ ಜನರ ಸಮಯವೂ ಹೋಯಿತು.

ಹಾಗಾಗಿ ನಾನು ಒತ್ತಿ ಹೇಳುವುದು ಒಂದೇ. ಪ್ರಶ್ನಾವಳಿ ಎಲ್ಲಕ್ಕಿಂತ ಕೊನೆಗೆ ಬರಲಿ. ಅದಕ್ಕೂ ಮೊದಲು ಓದುವುದಿದೆ, ನೋಡುವುದಿದೆ, ಕೂತು ಮಾತಾಡುವುದಿದೆ.

ಒಂದು ಉದಾಹರಣೆ ಇಟ್ಟುಕೊಂಡೇ ಮುಂದೆ ಹೋಗೋಣ. ಗೃಹಲಕ್ಷ್ಮಿ ಯೋಜನೆ 2023ರ ಆಗಸ್ಟ್‌ನಲ್ಲಿ ಶುರುವಾಯಿತು, ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ. ಗದಗ ಜಿಲ್ಲೆ ರೋಣ ತಾಲೂಕಿನ ಒಂದು ಹಳ್ಳಿಯಲ್ಲಿ ಈ ಹಣದ ಬಗ್ಗೆ ಅಧ್ಯಯನ ಮಾಡಬೇಕು ಅಂದುಕೊಳ್ಳಿ. "ಗೃಹಲಕ್ಷ್ಮಿ ಯೋಜನೆಯ ಪರಿಣಾಮಗಳು: ಒಂದು ಅಧ್ಯಯನ" ಅಂತ ಶೀರ್ಷಿಕೆ ಬರೆದರೆ ವಿಷಯ ಸಿಕ್ಕಿತು ಅಷ್ಟೇ, ಪ್ರಶ್ನೆ ಇನ್ನೂ ಸಿಕ್ಕಿಲ್ಲ.

ಪ್ರಶ್ನೆಗಳು ಹೀಗಿರುತ್ತವೆ. ಎಷ್ಟು ಮನೆಗಳಿಗೆ ಹಣ ಬರುತ್ತಿದೆ, ಎಷ್ಟಕ್ಕೆ ನಿಂತಿದೆ? ಇದು ಎಣಿಕೆ, ದಾಖಲೆ ಮತ್ತು ಮನೆಮನೆ ಸಮೀಕ್ಷೆ ಬೇಕು. ಬಂದ ಹಣವನ್ನು ಏನು ಮಾಡಬೇಕು ಅಂತ ತೀರ್ಮಾನಿಸುವವರು ಯಾರು? ಇದಕ್ಕೆ ಅಕ್ಕನವರ ಹತ್ತಿರ ಕೂತು ಸಮಾಧಾನವಾಗಿ ಮಾತಾಡಬೇಕು, ಅದೂ ಅವರೊಬ್ಬರೇ ಇದ್ದಾಗ. ಬ್ಯಾಂಕಿನಲ್ಲಿ ಚೀಟಿ ಬರೆದುಕೊಡುವವರು ಯಾರು, ಎಟಿಎಂ ಕಾರ್ಡು ಯಾರ ಜೇಬಿನಲ್ಲಿದೆ? ಕೇಳುವುದಕ್ಕಿಂತ ನೋಡಿದರೆ ಜಾಸ್ತಿ ತಿಳಿಯುತ್ತದೆ. ಈ ದುಡ್ಡಿನ ಬಗ್ಗೆ ಊರಲ್ಲಿ ಮಾತು ಹೇಗಿದೆ? ಸ್ವಸಹಾಯ ಸಂಘದ ಸಭೆಯಲ್ಲಿ ಹೋಗಿ ಕೂತುಕೊಳ್ಳಿ.

ನೋಡಿ, ಒಂದೇ ವಿಷಯ, ನಾಲ್ಕು ಪ್ರಶ್ನೆ, ನಾಲ್ಕು ದಾರಿ. ಪ್ರತಿ ಪ್ರಶ್ನೆಯ ಮುಂದೆ "ಇದರ ಉತ್ತರ ಎಲ್ಲಿದೆ?" ಅಂತ ಬರೆದುಕೊಳ್ಳಿ. ಕಾಗದದಲ್ಲಿದೆಯೋ, ಕಣ್ಣಿಗೆ ಕಾಣುತ್ತದೋ, ಒಬ್ಬರ ಮನಸ್ಸಿನಲ್ಲಿದೆಯೋ, ಊರಿನ ಬಾಯಲ್ಲಿದೆಯೋ. ಇಷ್ಟು ಮಾಡಿಕೊಂಡರೆ ಯಾವ ವಿಧಾನ ಅನ್ನುವ ಗೊಂದಲ ಅರ್ಧ ಕಡಿಮೆ ಆಗುತ್ತದೆ.

ಮೊದಲು ಕಾಗದ

ಬೇರೆಯವರು ಈಗಾಗಲೇ ಸಂಗ್ರಹಿಸಿಟ್ಟ ಮಾಹಿತಿಗೆ ಪಠ್ಯಪುಸ್ತಕದಲ್ಲಿ ದ್ವಿತೀಯಕ ಮಾಹಿತಿ ಅನ್ನುತ್ತಾರೆ. ಹೆಸರು ದ್ವಿತೀಯಕ ಆದರೂ ಕೆಲಸ ಶುರುವಾಗುವುದು ಇಲ್ಲಿಂದಲೇ. ಸರ್ಕಾರ ಎಣಿಸಿಟ್ಟಿದ್ದನ್ನು ನೀವು ಮತ್ತೆ ಬಿಸಿಲಲ್ಲಿ ಎಣಿಸುವುದು ಯಾಕೆ?

ಜನಗಣತಿಯಲ್ಲಿ ಹಳ್ಳಿವಾರು ವಿವರ ಸಿಗುತ್ತದೆ: ಮನೆಗಳು, ಗಂಡು ಹೆಣ್ಣು, ಅಕ್ಷರಸ್ಥರು, ಕೂಲಿಕಾರರು, ಪರಿಶಿಷ್ಟರು. ಆದರೆ ಕೊನೆಯದು 2011ರದ್ದು. 2021ರಲ್ಲಿ ಆಗಬೇಕಿದ್ದ ಗಣತಿ ಮುಂದೆ ಹೋಗಿ 2027ಕ್ಕೆ ಬಂತು. ಅಂದರೆ 2011ರ ಅಂಕಿಯನ್ನು "ಈಗ" ಅಂತ ಬರೆಯಬಾರದು, ವರ್ಷ ಹಾಕಿಯೇ ಬರೆಯಬೇಕು. ಆರೋಗ್ಯ, ಮದುವೆ ವಯಸ್ಸು, ಮಕ್ಕಳ ಪೌಷ್ಟಿಕತೆಯ ವಿಷಯ ಆದರೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಜಿಲ್ಲಾವಾರು ಪಟ್ಟಿ ನೋಡಿ, ಐದನೇ ಸುತ್ತು 2019-21ರದ್ದು. ಜಿಲ್ಲಾ ಸಂಖ್ಯಾ ಸಂಗ್ರಹಣಾಧಿಕಾರಿಗಳ ಕಚೇರಿ ಹೊರತರುವ ಜಿಲ್ಲೆಯ ಅಂಕಿ ಅಂಶಗಳ ಪುಸ್ತಕದಲ್ಲಿ ಮಳೆ, ಬೆಳೆ, ಶಾಲೆ, ಬ್ಯಾಂಕ್ ಎಲ್ಲ ತಾಲೂಕುವಾರು ಇರುತ್ತದೆ.

ನಮ್ಮ ಭಾಗದವರು ಒಂದು ಮಾತು ಮರೆಯಲೇಬಾರದು. ಗದಗ ಮತ್ತು ಹಾವೇರಿ ಜಿಲ್ಲೆಗಳು ಆಗಿದ್ದು 1997ರಲ್ಲಿ. ಅದಕ್ಕೂ ಮೊದಲು ಎಲ್ಲ ಧಾರವಾಡ ಜಿಲ್ಲೆಯೇ. 1991ರ ಧಾರವಾಡವನ್ನೂ 2011ರ ಧಾರವಾಡವನ್ನೂ ಪಕ್ಕಪಕ್ಕ ಇಟ್ಟು "ಜನಸಂಖ್ಯೆ ಕಡಿಮೆಯಾಗಿದೆ" ಅಂತ ಬರೆದರೆ ಓದಿದವರು ಏನಂದಾರು? ಹಳೆಯ ಅಂಕಿ ಬೇಕಾದರೆ ತಾಲೂಕು ಮಟ್ಟಕ್ಕೆ ಇಳಿದು ಕೂಡಿಸಿಕೊಳ್ಳಿ. ತಾಲೂಕುಗಳೂ ಬದಲಾಗಿವೆ. ಗಜೇಂದ್ರಗಡ, ಲಕ್ಷ್ಮೇಶ್ವರ, ರಟ್ಟೀಹಳ್ಳಿ, ಅಣ್ಣಿಗೇರಿ, ಅಳ್ನಾವರ ಇವೆಲ್ಲ ಈಚೆಗೆ ತಾಲೂಕು ಆದವು, 2011ರ ಪಟ್ಟಿಯಲ್ಲಿ ಇವು ತಾಲೂಕುಗಳಾಗಿ ಇಲ್ಲ. ಇನ್ನೂ ಹಿಂದಕ್ಕೆ ಹೋಗುವ ಆಸೆ ಇದ್ದರೆ ಮುಂಬಯಿ ಪ್ರಾಂತ್ಯದ ಗೆಜೆಟಿಯರ್‌ನಲ್ಲಿ ಧಾರವಾಡದ ಸಂಪುಟ ಇದೆ, 1884ರದ್ದು. ಆಗಿನ ಬೆಳೆ, ಸಂತೆ, ಕಸುಬು ಎಲ್ಲ ಅದರಲ್ಲಿ ಸಿಗುತ್ತದೆ, ಆದರೆ ಬರೆಸಿದ್ದು ಬ್ರಿಟಿಷ್ ಆಡಳಿತ ಅನ್ನುವುದನ್ನು ನೆನಪಿಟ್ಟು ಓದಬೇಕು.

ಹಳ್ಳಿಯಲ್ಲಿ ಪಂಚಾಯ್ತಿಯ ಮನೆ ತೆರಿಗೆ ಪಟ್ಟಿ, ಅಂಗನವಾಡಿಯ ಕುಟುಂಬ ಸರ್ವೆ ರಜಿಸ್ಟರ್, ಮತದಾರರ ಪಟ್ಟಿ, ಜಮೀನಿಗೆ ಉತಾರ (ಪಹಣಿ) ಇರುತ್ತವೆ. ಇವುಗಳಲ್ಲಿ ನನಗೆ ಅಂಗನವಾಡಿ ರಜಿಸ್ಟರ್ ಮೇಲೆ ನಂಬಿಕೆ ಜಾಸ್ತಿ. ಟೀಚರ್ ಅದೇ ಓಣಿಯವರು, ಯಾರ ಮನೆಗೆ ಸೊಸೆ ಬಂದಳು, ಯಾರು ಗುಳೆ ಹೋದರು ಎಲ್ಲ ಅವರಿಗೆ ಗೊತ್ತಿರುತ್ತದೆ. ಮತದಾರರ ಪಟ್ಟಿಯಲ್ಲಿ ತೀರಿಕೊಂಡವರೂ ಮದುವೆಯಾಗಿ ಹೋದವರೂ ಇನ್ನೂ ಉಳಿದಿರಬಹುದು. ದಾಖಲೆ ಕೇಳಿದರೆ ಕೊಡದಿದ್ದರೆ ಮಾಹಿತಿ ಹಕ್ಕು ಇದ್ದೇ ಇದೆ: 10 ರೂಪಾಯಿ ಶುಲ್ಕ, 30 ದಿನದ ಗಡುವು, ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಒಳಗೆ. ಆದರೆ ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಅವರನ್ನು ಮೊದಲು ಭೇಟಿಯಾಗಿ ಕಾಲೇಜಿನ ಪತ್ರ ಕೊಟ್ಟು ಕೇಳಿ. ಎಷ್ಟೋ ಸಲ ಅಷ್ಟರಲ್ಲೇ ಕೆಲಸ ಆಗುತ್ತದೆ.

ಸುಮ್ನೆ ನೋಡುವುದೂ ಕೆಲಸವೇ

ಅವಲೋಕನ ಅಂದರೆ ಊರು ಸುತ್ತಿ ಬರುವುದು ಅಂತ ಎಷ್ಟೋ ಜನ ತಿಳಿದಿದ್ದಾರೆ. ಹೋಗುವ ಮೊದಲು ಏನು ನೋಡಬೇಕು ಅಂತ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಬೇಕು. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಣ್ಣುಮಕ್ಕಳ ಕೆಲಸದ ಬಗ್ಗೆ ಅಧ್ಯಯನ ಅಂದುಕೊಳ್ಳಿ. ಎಷ್ಟು ಹೊತ್ತಿಗೆ ಬರುತ್ತಾರೆ, ಜೊತೆಗೆ ಮಕ್ಕಳಿದ್ದಾರೆಯೇ, ನೆರಳಿದೆಯೇ, ಮೂಗಿಗೆ ಬಟ್ಟೆ ಕಟ್ಟಿಕೊಂಡಿದ್ದಾರೆಯೇ, ಕುಡಿಯುವ ನೀರು ಎಷ್ಟು ದೂರ, ಲೆಕ್ಕ ಬರೆಯುವವರು ಯಾರು, ತೂಕ ಹಾಕುವಾಗ ಅವರು ತಕ್ಕಡಿ ನೋಡುತ್ತಾರೆಯೇ. ಇದನ್ನೆಲ್ಲ ಪ್ರಶ್ನೆ ಮಾಡಿ ಕೇಳಿದರೆ "ಎಲ್ಲಾ ಚಲೋ ಐತ್ರಿ" ಅನ್ನುವ ಉತ್ತರ ಬರುವ ಸಾಧ್ಯತೆಯೇ ಹೆಚ್ಚು, ಸಾಹುಕಾರರು ಅಲ್ಲೇ ನಿಂತಿರುತ್ತಾರಲ್ಲ.

ಮಾರುಕಟ್ಟೆಗೆ ಟೆಂಡರ್ ನಡೆಯುವ ದಿನವೂ ಹೋಗಿ, ನಡೆಯದ ದಿನವೂ ಹೋಗಿ. ಮೆಣಸಿನಕಾಯಿ ಸುಗ್ಗಿ ಇರುವ ಜನವರಿ-ಮಾರ್ಚ್‌ಗೂ ಮಳೆಗಾಲಕ್ಕೂ ಅಜಗಜಾಂತರ. ಒಂದೇ ದಿನ ನೋಡಿ "ಇಲ್ಲಿ ಹೀಗೆ" ಅಂತ ಬರೆದರೆ ಅದು ಆ ದಿನದ ಮಾತು ಮಾತ್ರ. ಹುಬ್ಬಳ್ಳಿ ದುರ್ಗದ ಬೈಲಿನ ಬೀದಿ ವ್ಯಾಪಾರಿಗಳ ಬಗ್ಗೆ ಮಾಡುವವರು ಬೆಳಿಗ್ಗೆ ಅಂಗಡಿ ಹಚ್ಚುವಾಗ ಒಮ್ಮೆ, ರಾತ್ರಿ ತಿಂಡಿ ಗಾಡಿಗಳು ತುಂಬಿದಾಗ ಒಮ್ಮೆ ನಿಂತು ನೋಡಲಿ. ಜಾಗವೇ ಬೇರೆ ಅನ್ನಿಸುತ್ತದೆ.

ಕಂಡದ್ದನ್ನೂ ನಿಮಗೆ ಅನ್ನಿಸಿದ್ದನ್ನೂ ಬೇರೆ ಬೇರೆ ಬರೆಯಿರಿ. ಪುಟದ ನಡುವೆ ಗೆರೆ ಎಳೆದು ಎಡಕ್ಕೆ "ಇಬ್ಬರು ಹೆಣ್ಣುಮಕ್ಕಳು ಕೌಂಟರ್‌ಗೆ ಬಂದರು, ಪಾಸ್‌ಬುಕ್ ಜೊತೆಗಿದ್ದ ಗಂಡಸಿನ ಕೈಯಲ್ಲಿತ್ತು" ಅಂತ ಬರೆಯಿರಿ. ಬಲಕ್ಕೆ "ಹಣದ ಮೇಲೆ ಅವರಿಗೆ ಹಿಡಿತ ಇಲ್ಲವೇನೋ" ಅಂತ ಬರೆಯಿರಿ. ಆ ಗಂಡಸು ಮಗನಿರಬಹುದು, ಅಮ್ಮನಿಗೆ ಕಣ್ಣು ಕಾಣದಿರಬಹುದು. ಬಲಗಡೆ ಬರೆದದ್ದನ್ನು ಆಮೇಲೆ ಮಾತಾಡಿ ಪರೀಕ್ಷಿಸಬೇಕು.

ಇನ್ನೊಂದು, ನೀವು ನೋಡುತ್ತಿದ್ದೀರಿ ಅಂತ ಗೊತ್ತಾದರೆ ಜನ ಬದಲಾಗುತ್ತಾರೆ. ಅಂಗನವಾಡಿಗೆ ಹೊಸಬರು ಬಂದರೆ ಅವತ್ತು ಊಟಕ್ಕೆ ತಟ್ಟೆಗಳೆಲ್ಲ ಹೊಳೆಯುತ್ತವೆ. ಇದಕ್ಕೆ ಮದ್ದು ಮತ್ತೆ ಮತ್ತೆ ಹೋಗುವುದೊಂದೇ. ದಿನ ಕಳೆದಂತೆ ನೀವು ಅಲ್ಲಿನವರಾಗುತ್ತೀರಿ, ಅವರು ತಮ್ಮ ಪಾಡಿಗೆ ಕೆಲಸ ಮಾಡುತ್ತಾರೆ.

ಕೂತು ಮಾತಾಡುವುದು

ಸಂದರ್ಶನದ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಕೆಲಸ ಕೆಡುವುದೂ ಕೂಡುವುದೂ ಇಲ್ಲೇ.

ಮನೆ ಬಾಗಿಲಿಗೆ ಹೋದ ಕೂಡಲೇ ಬರುವ ಪ್ರಶ್ನೆ: "ಯಾರ ಕಡಿಂದ ಬಂದೀರಿ?" ಅದರ ಹಿಂದೆಯೇ "ನಮಗೇನ್ ಸಿಗತೈತಿ?" ಇವೆರಡಕ್ಕೂ ನೇರವಾದ ಉತ್ತರ ಮೊದಲೇ ತಯಾರಿರಲಿ. "ಅಕ್ಕಾರ, ನಾನು ಧಾರವಾಡದಾಗ ಓದಾಕತ್ತೇನಿ. ಇದು ನನ್ನ ಓದಿನ ಕೆಲಸ. ಸರ್ಕಾರದ್ದಲ್ಲ. ಇದರಿಂದ ನಿಮಗ ರೊಕ್ಕಾ ಬರೂದೂ ಇಲ್ಲ, ಹೋಗೂದೂ ಇಲ್ಲ. ನಿಮ್ಮ ಹೆಸರು ಎಲ್ಲೂ ಬರಿಯೂದಿಲ್ಲ." ಇಷ್ಟು ಸಾಕು. ಯೋಜನೆ ಕೊಡಿಸುತ್ತೇವೆ ಅನ್ನುವ ಆಸೆ ಹುಟ್ಟಿಸಿ ಮಾತಾಡಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅವರ ಹಿಂದೆ ಹೋಗುವ ಮುಂದಿನ ಹುಡುಗರಿಗೆ ಊರೇ ಬಾಗಿಲು ಹಾಕುತ್ತದೆ.

ಭಯ ದೊಡ್ಡದು. "ರೇಷನ್ ಕಾರ್ಡ್ ತೆಗಿತಾರೇನ್ರಿ?" ಅನ್ನುವುದು ಸುಮ್ಮನೆ ಬರುವ ಪ್ರಶ್ನೆಯಲ್ಲ, ಬಿಪಿಎಲ್ ಕಾರ್ಡು ಹೋದರೆ ಅದರ ಹಿಂದೆ ಏನೇನು ಹೋಗುತ್ತದೆ ಅಂತ ಅವರಿಗೆ ಚೆನ್ನಾಗಿ ಗೊತ್ತು. 2025ರ ಸೆಪ್ಟೆಂಬರ್ 22ರಿಂದ ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರು ಮನೆಮನೆಗೆ ಬಂದರು, 60 ಪ್ರಶ್ನೆ ಕೇಳಿದರು. ಈಗ ಕೈಯಲ್ಲಿ ಪ್ಯಾಡ್ ಹಿಡಿದು ಯಾರೇ ಬಂದರೂ ಅದೇ ನೆನಪಾಗುವುದು ಸಹಜ. ಅದಕ್ಕೇ "ನಿಮ್ಮ ತಿಂಗಳ ಆದಾಯ ಎಷ್ಟು?" ಅಂತ ಶುರುವಿನಲ್ಲೇ ಕೇಳಿದರೆ ಕಡಿಮೆ ಹೇಳುತ್ತಾರೆ, ಕೆಲವರು ಮಾತನ್ನೇ ನಿಲ್ಲಿಸುತ್ತಾರೆ. ಕೂಲಿ, ಒಕ್ಕಲುತನದ ಮನೆಯಲ್ಲಿ ತಿಂಗಳ ಆದಾಯ ಅನ್ನುವುದು ಇರುವುದೂ ಇಲ್ಲ. ಹೆಸರುಕಾಳು ಬಂದಾಗ ಒಂದಿಷ್ಟು, ಕಡಲೆ ಬಂದಾಗ ಒಂದಿಷ್ಟು, ನಡುವೆ ಕೂಲಿ, ಗೋವಾಕ್ಕೆ ದುಡಿಯಲು ಹೋದ ಮಗ ಕಳಿಸಿದ್ದು. ಅದರ ಬದಲು ಖರ್ಚು ಕೇಳಿ. ಕಳೆದ ವಾರ ಸಂತೆಗೆ ಎಷ್ಟಾಯಿತು? ಕಳೆದ ತಿಂಗಳು ಕರೆಂಟು, ಗ್ಯಾಸು, ಔಷಧಿಗೆ ಎಷ್ಟು? ಕಳೆದ ಒಂದು ವರ್ಷದಲ್ಲಿ ಬಟ್ಟೆ, ಶಾಲೆ ಫೀ, ಮದುವೆ ಮುಂಜಿಗೆ ಎಷ್ಟು? ಕೇಂದ್ರ ಸರ್ಕಾರದ ಕುಟುಂಬ ಖರ್ಚಿನ ಸಮೀಕ್ಷೆಯಲ್ಲೂ ಇದೇ ರೀತಿ 7 ದಿನ, 30 ದಿನ, 365 ದಿನ ಅಂತ ಅವಧಿ ಒಡೆದು ಕೇಳುತ್ತಾರೆ. ಮೊಟ್ಟೆ ತಂದದ್ದು ಒಂದು ವಾರ ನೆನಪಿರುತ್ತದೆ, ಫ್ರಿಜ್ ತಂದದ್ದು ವರ್ಷವಾದರೂ ನೆನಪಿರುತ್ತದೆ.

ವರ್ಷ, ವಯಸ್ಸು ಕೇಳುವಾಗಲೂ ಹೀಗೆಯೇ. ಅಜ್ಜಿಯನ್ನು "ನಿಮ್ಮ ಮದುವೆ ಯಾವ ಇಸವಿಯಲ್ಲಿ ಆಯಿತು?" ಅಂದರೆ ಪಾಪ, ಏನು ಹೇಳಬೇಕು? ಹೋಗುವ ಮೊದಲು ಊರಿನ ನೆನಪಿನ ಪಟ್ಟಿ ಒಂದು ಮಾಡಿಕೊಳ್ಳಿ: 1980ರ ನರಗುಂದ-ನವಲಗುಂದ ರೈತ ಬಂಡಾಯ, 1984ರಲ್ಲಿ ಇಂದಿರಾ ಗಾಂಧಿ ತೀರಿಕೊಂಡದ್ದು, 1997ರಲ್ಲಿ ಜಿಲ್ಲೆ ಆದದ್ದು, 2009ರ ನೆರೆ, 2016ರ ನೋಟು ರದ್ದು, 2020ರ ಲಾಕ್‌ಡೌನ್. "ಬಂಡಾಯ ಆದಾಗ ನೀವು ಸಣ್ಣವರಿದ್ರೇನು, ಮದುವಿ ಆಗಿತ್ತೇನು?" ಅಂದರೆ ತಟ್ಟನೆ ಉತ್ತರ ಬರುತ್ತದೆ. ವರ್ಷದೊಳಗಿನ ತಿಂಗಳಿಗೆ ಪಂಚಮಿ, ಶೀಗಿ ಹುಣ್ಣಿಮೆ, ಎಳ್ಳ ಅಮಾವಾಸ್ಯೆ, ಊರ ಜಾತ್ರೆ. ಜಮೀನನ್ನು ಎಕರೆ-ಗುಂಟೆ ಬಿಟ್ಟು ಕೂರಿಗೆ ಲೆಕ್ಕದಲ್ಲಿ ಹೇಳುವ ಹಿರಿಯರಿದ್ದಾರೆ, ಎಷ್ಟು ಎಕರೆ ಆಗುತ್ತದೆ ಅಂತ ಅವರನ್ನೇ ಕೇಳಿ ಎರಡನ್ನೂ ಬರೆದುಕೊಳ್ಳಿ.

ಯಾರ ಎದುರಿಗೆ ಕೇಳುತ್ತೀರಿ ಅನ್ನುವುದು ಏನು ಕೇಳುತ್ತೀರಿ ಅನ್ನುವಷ್ಟೇ ಮುಖ್ಯ. ಗೃಹಲಕ್ಷ್ಮಿ ಹಣವನ್ನು ಯಾರು ಖರ್ಚು ಮಾಡುತ್ತಾರೆ ಅಂತ ಗಂಡ, ಅತ್ತೆ ಎದುರಿಗೆ ಕೇಳಿ ಪ್ರಯೋಜನ ಇಲ್ಲ. ಇಬ್ಬರು ಹೋಗುವುದು ಒಳ್ಳೆಯದು. ಒಬ್ಬರು ಯಜಮಾನರ ಜೊತೆ ಕಟ್ಟೆಯ ಮೇಲೆ ಕೂತು ಬೆಳೆ, ಮಳೆ ಮಾತಾಡಲಿ, ಇನ್ನೊಬ್ಬರು, ಸಾಧ್ಯವಾದರೆ ಹೆಣ್ಣುಮಗಳು, ಒಳಗೆ ಅಡುಗೆಮನೆ ಕಡೆ ಹೋಗಲಿ. ನಡುವೆ ಯಾರಾದರೂ ಬಂದು ಕೂತರೆ ಮಾತನ್ನು ಮಕ್ಕಳ ಶಾಲೆಗೋ ರೊಟ್ಟಿಗೋ ತಿರುಗಿಸಿ, ಅವರು ಹೋದ ಮೇಲೆ ಮತ್ತೆ ಹಣದ ಮಾತಿಗೆ ಬನ್ನಿ. ಜೊತೆಗೆ ಬೇರೆ ಯಾರಿದ್ದರು ಅನ್ನುವುದನ್ನು ಟಿಪ್ಪಣಿಯಲ್ಲಿ ಬರೆಯಲೇಬೇಕು.

ಹೊತ್ತು ನೋಡಿ ಹೋಗಿ. ಬೆಳಿಗ್ಗೆ ಎಂಟಕ್ಕೆ ಹಳ್ಳಿಗೆ ಹೋದರೆ ಎಲ್ಲರೂ ಬುತ್ತಿ ಕಟ್ಟಿ ಹೊಲಕ್ಕೆ ಹೊರಟಿರುತ್ತಾರೆ. ಹುಬ್ಬಳ್ಳಿ-ಧಾರವಾಡದ ಎಷ್ಟೋ ಓಣಿಗಳಲ್ಲಿ ನೀರು ಹಲವು ದಿನಕ್ಕೊಮ್ಮೆ ಬರುತ್ತದೆ. ನಳ ಬಿಟ್ಟ ದಿನ ಬಾಗಿಲು ತಟ್ಟಿದರೆ ನಿಮ್ಮ ಜೊತೆ ಮಾತಾಡಲು ಯಾರಿಗೂ ಪುರುಸೊತ್ತಿರುವುದಿಲ್ಲ, ಅದು ಅವರ ತಪ್ಪೂ ಅಲ್ಲ. ತಾಂಡಾದಲ್ಲಿ ಹೆಣ್ಣುಮಕ್ಕಳು ಮನೆಯಲ್ಲಿ ಆಡುವುದು ಲಂಬಾಣಿ, ಹಳೇ ಹುಬ್ಬಳ್ಳಿಯ ಎಷ್ಟೋ ಮನೆಗಳಲ್ಲಿ ಉರ್ದು. ಆ ಭಾಷೆ ಬಲ್ಲ ಗೆಳತಿ ಜೊತೆಗಿದ್ದರೆ ಮಾತಿನ ದಾರಿಯೇ ಬೇರೆ ಆಗುತ್ತದೆ.

ಕೇಳುವ ರೀತಿಗೆ ಬರೋಣ. "ಈ ಹಣದಿಂದ ನಿಮಗೆ ಅನುಕೂಲ ಆಗಿದೆ ಅಲ್ವಾ?" ಅಂದರೆ "ಹೌದ್ರಿ" ಅನ್ನುತ್ತಾರೆ, ನೀವೇ ಉತ್ತರ ಬಾಯಿಗೆ ಹಾಕಿದ್ದೀರಿ. "ಹೋದ ಸಲ ರೊಕ್ಕ ಬಂತಲ್ಲ, ಅವತ್ತು ಏನೇನಾತು ಹೇಳ್ರಿ" ಅಂತ ಬಿಟ್ಟುಕೊಡಿ. ಒಂದು ನಿಜವಾದ ದಿನವನ್ನು ಹಿಡಿದು ಕೇಳಿದರೆ ಮೊಬೈಲಿಗೆ ಮೆಸೇಜ್ ಬಂದದ್ದು, ಓದಲು ಬಾರದೆ ಮಗಳಿಂದ ಓದಿಸಿದ್ದು, ಬ್ಯಾಂಕಿಗೆ ಹೋಗಲು ಒಂದು ದಿನದ ಕೂಲಿ ಬಿಟ್ಟದ್ದು, ಸಂಘದ ಕಂತು ಕಟ್ಟಿದ್ದು, ಎಲ್ಲ ತಾನಾಗಿ ಬರುತ್ತದೆ. ನಡುವೆ ನೀವು ಆಡಬೇಕಾದದ್ದು "ಹೂಂ", "ಆಮ್ಯಾಲ?", "ಅಂದ್ರ ಹ್ಯಾಂಗ?" ಇಷ್ಟೇ. ಅವರು ಸುಮ್ಮನಾದರೆ ನೀವೂ ಒಂದು ಕ್ಷಣ ಸುಮ್ಮನಿರಿ. ಮುಂದಿನ ಪ್ರಶ್ನೆಗೆ ಓಡಬೇಡಿ, ಎಷ್ಟೋ ಸಲ ಮುಖ್ಯವಾದ ಮಾತು ಆ ಮೌನ ಆದ ಮೇಲೆ ಬರುತ್ತದೆ.

ರೆಕಾರ್ಡ್ ಮಾಡುವುದಾದರೆ ಫೋನ್ ತೋರಿಸಿ, ಕೇಳಿ, ಒಪ್ಪಿದರೆ ಮಾತ್ರ ಮಾಡಿ. ಕದ್ದು ರೆಕಾರ್ಡ್ ಮಾಡುವುದು ಮೋಸ, ಅದಕ್ಕೆ ಬೇರೆ ಹೆಸರಿಲ್ಲ.

ಗುಂಪಿನಲ್ಲಿ

ಗುಂಪು ಚರ್ಚೆಗೆ ಆರರಿಂದ ಹತ್ತು ಜನ ಸಾಕು, ಒಂದೇ ತರದ ಜನ ಇರಬೇಕು. ಪಂಚಾಯ್ತಿ ಸದಸ್ಯೆ, ಅಂಗನವಾಡಿ ಟೀಚರ್, ಕೂಲಿ ಮಾಡುವ ತಾಯಿ, ಹೊಸ ಸೊಸೆ ಎಲ್ಲರನ್ನೂ ಒಟ್ಟಿಗೆ ಕೂರಿಸಿದರೆ ಮಾತಾಡುವವರು ಮೊದಲ ಇಬ್ಬರು ಮಾತ್ರ. ಎಲ್ಲಿ ಕೂರಿಸುತ್ತೀರಿ ಅನ್ನುವುದೂ ಯೋಚಿಸಬೇಕಾದದ್ದು. ಕೆಲವು ಗುಡಿ ಕಟ್ಟೆಗೆ ಎಲ್ಲ ಓಣಿಯವರೂ ಬಂದು ಸಮನಾಗಿ ಕೂರುವುದಿಲ್ಲ, ಇದು ನಮ್ಮ ಊರುಗಳ ಕಹಿ ಸತ್ಯ. ಕೆಳಗಿನ ಓಣಿಯವರ ಮಾತು ಬೇಕಾದರೆ ಅವರ ಓಣಿಗೇ ಹೋಗಿ ಕೂತುಕೊಳ್ಳಿ.

ಗುಂಪಿನಲ್ಲಿ ಒಬ್ಬೊಬ್ಬರ ಮನೆಯ ಅಂಕಿ ಕೇಳಬೇಡಿ, ಮನೆಯ ಗುಟ್ಟು ಕೇಳಬೇಡಿ. ಊರಿನ ರೂಢಿ, ಬೆಲೆ, ಕೂಲಿ ದರ, ಯಾವ ತಿಂಗಳು ಕಷ್ಟ ಇಂಥವು ಕೇಳಿ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ತಿದ್ದುತ್ತಾರೆ, ಆ ತಿದ್ದುವಿಕೆಯೇ ನಿಮ್ಮ ಮಾಹಿತಿ. ಬ್ರಿಟನ್ನಿನ ಅಭಿವೃದ್ಧಿ ಸಂಶೋಧಕ ರಾಬರ್ಟ್ ಚೇಂಬರ್ಸ್ ಮೊದಲಾದವರು 1980-90ರ ದಶಕಗಳಲ್ಲಿ ಬೆಳೆಸಿದ ಸಹಭಾಗಿ ವಿಧಾನಗಳು, ಅಂದರೆ ಜನರೇ ಬಿಡಿಸಿ, ಎಣಿಸಿ ತೋರಿಸುವ ವಿಧಾನಗಳು, ನಮ್ಮ ಹಳ್ಳಿಗಳಿಗೆ ಬಹಳ ಹೊಂದುತ್ತವೆ. ಅಂಗಳದಲ್ಲಿ ರಂಗೋಲಿ ಪುಡಿ ಕೊಟ್ಟು ಊರಿನ ನಕ್ಷೆ ಬಿಡಿಸಲು ಹೇಳಿ, ಯಾರ ಮನೆ ಎಲ್ಲಿ, ಬೋರ್‌ವೆಲ್ ಎಲ್ಲಿ, ಯಾವ ಮನೆಗೆ ಬೀಗ ಬಿದ್ದಿದೆ ಎಲ್ಲ ಅವರೇ ತೋರಿಸುತ್ತಾರೆ. ಹತ್ತು ಹುಣಸೆ ಬೀಜ ಕೊಟ್ಟು "ಒಂದು ಬೀಜ ಅಂದ್ರ ಎರಡುನೂರು ರೂಪಾಯಿ, ಇದನ್ನ ರೇಷನ್ನು, ಸಾಲಿ, ಔಷಧಿ, ಸಂಘದ ಸಾಲ ಅಂತ ಹಂಚಿ ಇಡ್ರಿ" ಅಂದರೆ ಅಕ್ಷರ ಬಾರದವರೂ ಲೆಕ್ಕ ತೋರಿಸುತ್ತಾರೆ.

ಈಗ ಪ್ರಶ್ನಾವಳಿ

ಇಷ್ಟಾದ ಮೇಲೆ ಪ್ರಶ್ನಾವಳಿ ಬರೆಯುವುದು ಸುಲಭ. ಏನು ಕೇಳಬೇಕು, ಯಾವ ಮಾತಿನಲ್ಲಿ ಕೇಳಬೇಕು, ಉತ್ತರದ ಆಯ್ಕೆಗಳು ಏನಿರಬೇಕು ಎಲ್ಲ ಜನರೇ ಹೇಳಿಕೊಟ್ಟಿರುತ್ತಾರೆ. ಸಂದರ್ಶನ ಮಾಡದೆ ಬರೆದಿದ್ದರೆ "ಸಂಘದ ಕಂತು" ಅನ್ನುವ ಆಯ್ಕೆ ನಿಮ್ಮ ಪಟ್ಟಿಯಲ್ಲಿ ಇರುತ್ತಲೇ ಇರಲಿಲ್ಲ, ಎಲ್ಲ "ಇತರೆ"ಗೆ ಹೋಗಿ ಬೀಳುತ್ತಿತ್ತು.

ಒಂದು ಪ್ರಶ್ನೆಯಲ್ಲಿ ಒಂದೇ ಸಂಗತಿ ಇರಲಿ. "ಹಣ ಸಮಯಕ್ಕೆ ಸರಿಯಾಗಿ ಪೂರ್ತಿ ಬರುತ್ತದೆಯೇ?" ಅನ್ನುವುದರಲ್ಲಿ ಎರಡು ಪ್ರಶ್ನೆ ಇವೆ. ಸುಲಭದ್ದು ಮೊದಲು, ಸಾಲ ಮತ್ತು ಜಾತಿಯಂಥ ಸೂಕ್ಷ್ಮದ್ದು ಕೊನೆಗೆ. ಜಾತಿ ನಿಮ್ಮ ವಿಶ್ಲೇಷಣೆಗೆ ಬೇಡವಾದರೆ ಕೇಳಲೇಬೇಡಿ. "ಸಂಪೂರ್ಣ ಒಪ್ಪುತ್ತೇನೆ" ಎಂದು ಶುರುವಾಗುವ ಐದು ಮೆಟ್ಟಿಲ ಅಳತೆ, 1932ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಲೈಕರ್ಟ್ ಕೊಟ್ಟದ್ದು, ಕಾಲೇಜಿನಲ್ಲಿ ನಡೆಯುತ್ತದೆ. ಹೊಲದ ಬದುವಿನ ಮೇಲೆ ನಿಂತು "ಸಂಪೂರ್ಣ ಒಪ್ಪುತ್ತೀರೋ, ಒಪ್ಪುತ್ತೀರೋ" ಅಂತ ಕೇಳಿದರೆ ಆ ವ್ಯತ್ಯಾಸ ಯಾರಿಗೂ ಮುಟ್ಟುವುದಿಲ್ಲ. ಮೂರು ಆಯ್ಕೆ ಸಾಕು. ಪೂರ್ತಿ ಮುಗಿಯಲು ಅರ್ಧ ತಾಸಿಗಿಂತ ಜಾಸ್ತಿ ಬೇಡ.

ಬರೆದದ್ದನ್ನು ಗಟ್ಟಿಯಾಗಿ ಓದಿ ನೋಡಿ. ಬಾಯಿಗೆ ಬಾರದ ವಾಕ್ಯ ಕಿವಿಗೂ ಹೋಗುವುದಿಲ್ಲ. ಆಮೇಲೆ ಪಕ್ಕದ ಊರಿನಲ್ಲಿ, ನಿಮ್ಮ ಮಾದರಿಯಲ್ಲಿ (ಅಧ್ಯಯನಕ್ಕೆ ಆರಿಸಿದ ಮನೆಗಳಲ್ಲಿ) ಇಲ್ಲದ ಹತ್ತು ಹದಿನೈದು ಮನೆಗಳಲ್ಲಿ ಕೇಳಿ ಪರೀಕ್ಷಿಸಿ. ಎಲ್ಲಿ ಜನ "ಏನಂದ್ರಿ?" ಅಂತ ಮತ್ತೆ ಕೇಳಿದರೋ ಅಲ್ಲಿ ಪ್ರಶ್ನೆ ಕೆಟ್ಟಿದೆ, ತಿದ್ದಿ. ಈ ಹಂತ ಬಿಟ್ಟು ಹೋಗುವವರೇ ಹೆಚ್ಚು. ದಯವಿಟ್ಟು ಬಿಡಬೇಡಿ.

ಯಾರನ್ನು ಕೇಳಬೇಕು ಅನ್ನುವುದೇ ಮಾದರಿ ಆಯ್ಕೆ. ಬಸ್ ಇಳಿದ ಜಾಗದ ಹತ್ತಿರದ ಮನೆಗಳನ್ನಷ್ಟೇ ಕೇಳಿದರೆ ಅದು ಮುಖ್ಯ ರಸ್ತೆಯ ಮನೆಗಳ ಕತೆ. ಊರ ಹೊರಗಿನ ಜನತಾ ಪ್ಲಾಟು, ತಾಂಡಾ, ಹೊಲದ ಮನೆಗಳು ಬಿಟ್ಟೇ ಹೋಗುತ್ತವೆ. ಊರಲ್ಲಿ 600 ಮನೆ, ನಿಮಗೆ 60 ಬೇಕು ಅಂದರೆ ಮನೆಗಳ ಪಟ್ಟಿ ಹಿಡಿದು ಪ್ರತಿ ಹತ್ತನೇ ಮನೆ ಆರಿಸಿ. ಶುರು ಮಾಡುವ ನಂಬರು ಒಂದರಿಂದ ಹತ್ತರೊಳಗೆ ಚೀಟಿ ಎತ್ತಿ ತೆಗೆಯಿರಿ. ಬೀಗ ಹಾಕಿದ್ದರೆ ಪಕ್ಕದ ಮನೆಗೆ ಹಾರಬೇಡಿ, ಬೇರೆ ಹೊತ್ತಿನಲ್ಲಿ ಮತ್ತೆ ಹೋಗಿ. ಹಗಲು ಬೀಗ ಹಾಕಿರುವ ಮನೆಯವರು ಕೂಲಿಗೆ ಹೋದವರು, ಅವರನ್ನು ಬಿಟ್ಟರೆ ಬಡವರನ್ನೇ ಬಿಟ್ಟಂತೆ. ಗುಳೆ ಹೋದ ಮನೆಗಳನ್ನು ಬೇರೆ ಎಣಿಸಿಡಿ, ಪಂಚಮಿಗೋ ಜಾತ್ರೆಗೋ ಅವರು ಬರುತ್ತಾರೆ.

ಎಷ್ಟು ಮನೆ ಸಾಕು ಅನ್ನುವುದಕ್ಕೆ ನಮ್ಮ ಕಡೆ ಯಾಮಾನೆ ಸೂತ್ರವನ್ನೇ ಹೆಚ್ಚು ಬಳಸುತ್ತಾರೆ. ತಪ್ಪಿನ ಪ್ರಮಾಣದ (ಶೇ. 5 ಅಂದರೆ 0.05) ವರ್ಗವನ್ನು ಒಟ್ಟು ಸಂಖ್ಯೆಯಿಂದ ಗುಣಿಸಿ, ಅದಕ್ಕೆ ಒಂದು ಕೂಡಿಸಿ, ಬಂದದ್ದರಿಂದ ಒಟ್ಟು ಸಂಖ್ಯೆಯನ್ನು ಭಾಗಿಸಬೇಕು. 600 ಮನೆ, ಶೇ. 5ರಷ್ಟು ತಪ್ಪು ಒಪ್ಪುವುದಾದರೆ 240 ಮನೆ. ಶೇ. 10 ಒಪ್ಪುವುದಾದರೆ ಸುಮಾರು 86. ಎಂ.ಎ. ಪ್ರಾಜೆಕ್ಟಿಗೆ ಒಬ್ಬರೇ ಓಡಾಡುವವರು ಎರಡನೆಯದನ್ನು ಆರಿಸಿಕೊಂಡು ಅದನ್ನು ವರದಿಯಲ್ಲಿ ಪ್ರಾಮಾಣಿಕವಾಗಿ ಬರೆದರೆ ಯಾವ ತಪ್ಪೂ ಇಲ್ಲ.

ಸಂಖ್ಯೆ ದೊಡ್ಡದಿದ್ದರೆ ಸಾಕು ಅಂದುಕೊಳ್ಳಬೇಡಿ. 1936ರ ಅಮೆರಿಕ ಅಧ್ಯಕ್ಷ ಚುನಾವಣೆಗೆ ಮೊದಲು ಅಲ್ಲಿನ ಲಿಟರರಿ ಡೈಜೆಸ್ಟ್ ಪತ್ರಿಕೆ ಸುಮಾರು ಒಂದು ಕೋಟಿ ಜನರಿಗೆ ಮತಚೀಟಿ ಕಳಿಸಿತು, 20 ಲಕ್ಷಕ್ಕೂ ಹೆಚ್ಚು ವಾಪಸ್ ಬಂದವು, ಲ್ಯಾಂಡನ್ ಗೆಲ್ಲುತ್ತಾರೆ ಅಂತ ಹೇಳಿತು. ರೂಸ್‌ವೆಲ್ಟ್ 48ರಲ್ಲಿ 46 ರಾಜ್ಯ ಗೆದ್ದರು. ಹೆಸರುಗಳನ್ನು ಹೆಚ್ಚಾಗಿ ಟೆಲಿಫೋನ್ ಮತ್ತು ಕಾರು ಇದ್ದವರ ಪಟ್ಟಿಯಿಂದ ತೆಗೆದಿದ್ದರು, ಬಡವರು ಆ ಪಟ್ಟಿಯಲ್ಲಿ ಇರಲಿಲ್ಲ. ಚೀಟಿ ವಾಪಸ್ ಕಳಿಸಿದವರೂ ಒಂದೇ ಬಗೆಯವರು. ಇವತ್ತು ಗೂಗಲ್ ಫಾರ್ಮ್ ಮಾಡಿ ವಾಟ್ಸಾಪ್ ಗುಂಪಿಗೆ ಹಾಕಿ "ಹಾವೇರಿ ಜಿಲ್ಲೆಯ ಮಹಿಳೆಯರ ಅಭಿಪ್ರಾಯ" ಅಂತ ಬರೆಯುವುದೂ ಅದೇ. ಕಾಲೇಜು ವಿದ್ಯಾರ್ಥಿಗಳ ಬಗ್ಗೆಯೇ ಅಧ್ಯಯನ ಆದರೆ ಸರಿ, ಬೇರೆಯದಕ್ಕೆ ಬೇಡ. ಫೋನಿನಲ್ಲೇ ತುಂಬಬೇಕಾದರೆ ಕೋಬೊ ಟೂಲ್‌ಬಾಕ್ಸ್ ಅನ್ನುವ ಸಮೀಕ್ಷೆ ತಂತ್ರಾಂಶ ಇದೆ, ಕನ್ನಡದಲ್ಲಿ ಪ್ರಶ್ನೆ ಹಾಕಬಹುದು, ನೆಟ್‌ವರ್ಕ್ ಇಲ್ಲದ ಕಡೆಯೂ ತುಂಬಿ ಆಮೇಲೆ ಕಳಿಸಬಹುದು.

ಅವತ್ತಿನದು ಅವತ್ತೇ

ಟಿಪ್ಪಣಿಯನ್ನು ಅದೇ ರಾತ್ರಿ ಬಿಡಿಸಿ ಬರೆಯಬೇಕು. ಎರಡು ದಿನ ಬಿಟ್ಟರೆ ಯಾರು ಏನಂದರು ಅನ್ನುವುದು ಒಂದರೊಳಗೊಂದು ಕಲೆಯುತ್ತದೆ. ತುಂಬಿದ ಹಾಳೆಗಳನ್ನು ಊರು ಬಿಡುವ ಮೊದಲೇ ತಿರುವಿ ನೋಡಿ, ಖಾಲಿ ಬಿಟ್ಟದ್ದು ಕಂಡರೆ ಅಲ್ಲೇ ಹೋಗಿ ಕೇಳಬಹುದು.

ಪ್ರತಿಗಳನ್ನು ಬೇರೆ ಬೇರೆ ಜಾಗದಲ್ಲಿಡಿ. ಮೈಸೂರು ಹತ್ತಿರದ ಹಳ್ಳಿಯಲ್ಲಿ 1948ರಲ್ಲಿ ಕ್ಷೇತ್ರಕಾರ್ಯ ಮಾಡಿದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವರು ವಿಂಗಡಿಸಿ ಸಿದ್ಧಪಡಿಸಿದ ಟಿಪ್ಪಣಿಗಳ ಮೂರೂ ಪ್ರತಿ 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಬೆಂಕಿಗೆ ಸಿಕ್ಕವು. ಮೂರೂ ಒಂದೇ ಕಡೆ ಇದ್ದವು. ಅವರು ನೆನಪಿನಿಂದಲೇ ಆ ಊರಿನ ಬಗ್ಗೆ ದೊಡ್ಡ ಪುಸ್ತಕ ಬರೆದರು, ಅಂಥ ನೆನಪು ಎಲ್ಲರಿಗೂ ಇರುತ್ತದೆಯೇ? ಒಂದು ಪ್ರತಿ ಪೆನ್‌ಡ್ರೈವಿನಲ್ಲಿ, ಒಂದು ಗೂಗಲ್ ಡ್ರೈವ್‌ನಲ್ಲಿ, ಕಾಗದ ಮನೆಯಲ್ಲಿ.

ಹೆಸರಿನ ಪಟ್ಟಿ ಬೇರೆ, ಉತ್ತರದ ಹಾಳೆ ಬೇರೆ ಇಡಿ. ಹಾಳೆಯ ಮೇಲೆ ನಂಬರು ಮಾತ್ರ ಇರಲಿ. ಆಧಾರ್ ನಂಬರು, ಬ್ಯಾಂಕ್ ಖಾತೆ ನಂಬರು ಯಾವ ಕಾರಣಕ್ಕೂ ಬರೆದುಕೊಳ್ಳಬೇಡಿ, ಓಟಿಪಿ ಹೆಸರಿನಲ್ಲಿ ಮೋಸ ನಡೆಯುವ ಕಾಲ ಇದು, ಕೇಳಿದರೇ ನಿಮ್ಮ ಮೇಲೆ ಅನುಮಾನ ಬರುತ್ತದೆ. ಹೆಸರು ಬಿಟ್ಟರೂ "ಊರಿನ ಏಕೈಕ ನರ್ಸ್" ಅಂತ ವರದಿಯಲ್ಲಿ ಬರೆದರೆ ಯಾರು ಅಂತ ಊರಿಗೆಲ್ಲ ತಿಳಿಯುತ್ತದೆ, ಅಂಥ ಗುರುತನ್ನೂ ಬದಲಿಸಿ. ನಡುವೆ ಯಾರಾದರೂ "ಸಾಕ್ರಿ, ಬ್ಯಾಡ" ಅಂದರೆ ಅಲ್ಲಿಗೆ ನಿಲ್ಲಿಸಿ ಕೈಮುಗಿದು ಬನ್ನಿ, ಕಾರಣ ಕೇಳಬೇಡಿ. ಅವರ ಹಾಳೆಯನ್ನು ನೀವೇ ಊಹೆಯಿಂದ ತುಂಬಬೇಡಿ. ಖಾಲಿ ಇದ್ದರೆ ಖಾಲಿ ಅಂತಲೇ ಬರೆಯಿರಿ, ಎಷ್ಟು ಮನೆಯವರು ಒಪ್ಪಲಿಲ್ಲ ಅನ್ನುವುದೂ ವರದಿಯಲ್ಲಿ ಇರಬೇಕಾದ ಅಂಕಿ.

ವರದಿಯ ಕರಡು ಸಿದ್ಧವಾದ ಮೇಲೆ ಒಂದು ದಿನ ಬಿಡುವು ಮಾಡಿಕೊಂಡು ಅದೇ ಊರಿಗೆ ಹೋಗಿ. ಎರಡು ಪುಟದಲ್ಲಿ, ಸರಳ ಕನ್ನಡದಲ್ಲಿ, ಎಷ್ಟು ಮನೆಗೆ ಹಣ ಬರುತ್ತಿಲ್ಲ ಮತ್ತು ಯಾಕೆ ಅನ್ನುವುದನ್ನು ಸಂಘದ ಸಭೆಯಲ್ಲಿ ಓದಿ ಹೇಳಿ, ಒಂದು ಪ್ರತಿ ಪಂಚಾಯ್ತಿಗೆ ಕೊಡಿ. "ಇದು ಹಂಗಲ್ಲ" ಅಂತ ಯಾರಾದರೂ ತಿದ್ದಿದರೆ ಬರೆದುಕೊಳ್ಳಿ, ವರದಿಯ ಅಂತಿಮ ಪ್ರತಿಯಲ್ಲಿ ಸೇರಿಸಲು ಗೈಡ್ ಅವರನ್ನು ಕೇಳಿ.